ಶುಕ್ರವಾರದ ತಂಡ

ದುಬೈಯಲ್ಲಿರುವ ಊರವರ ಸಂಘದ ಸ್ಮರಣ ಸಂಚಿಕೆಯ ನಲವತ್ತೊಂದನೆಯ ಪುಟದಲ್ಲಿ ಒಂದೇ ಒಂದು ಸಾಲು: 'ಮುಹೈಸ್ನಾ ಫ್ರೆಂಡ್ಸ್ ವಾಲಿಬಾಲ್ ತಂಡವು ಆಟಗಾರರ ನಿರಾಸಕ್ತಿಯಿಂದ ನಿಂತುಹೋಯಿತು.' ಸಭಾಂಗಣದ ಬಾಗಿಲಲ್ಲಿ ಕೈಗೆ ಕೊಟ್ಟ ಪುಸ್ತಕದಲ್ಲಿ ಇದನ್ನು ಓದಿದ ಚನಿಯನಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಹನ್ನೊಂದು ವರ್ಷ ಆ ತಂಡದ ನಾಯಕನಾಗಿದ್ದವನು ಅವನೇ.

ವಿಟ್ಲದ ಕಡೆಯ ಚನಿಯ ದುಬೈಗೆ ಬಂದದ್ದು ಕಟ್ಟಡಗಳಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟುವ ಕೆಲಸಕ್ಕೆ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಅವನ ಕೋಣೆಯಲ್ಲೇ ಇದ್ದ ಅದ್ದು ಊರಿನಲ್ಲಿ ಹೆಸರು ಮಾಡಿದ ಲಿಫ್ಟರ್. ಅವನು ಎತ್ತಿಕೊಟ್ಟ ಚೆಂಡನ್ನು ಚನಿಯ ಬಡಿದರೆ ಎದುರಿನವರು ಮರಳು ಮುಕ್ಕಬೇಕು. ಇಬ್ಬರೂ ಸೇರಿ ಒಂಬತ್ತು ಮಂದಿಯ ತಂಡ ಕಟ್ಟಿದರು. ನೆಟ್ಟಿಗೆ ಕಂಬ ನೆಡಲು ಕ್ಯಾಂಪ್ ಬಾಸ್ ಬಿಡಲಿಲ್ಲ. ಆದರೆ ಶುಕ್ರವಾರ ರಜೆ. ಆ ದಿನ ಕಂಪೆನಿಯ ಬಸ್ಸುಗಳು ಅಂಗಳದಲ್ಲೇ ನಿಂತಿರುತ್ತಿದ್ದವು. ಎರಡು ಬಸ್ಸುಗಳ ಕಿಟಕಿಗೆ ನೆಟ್ ಕಟ್ಟಿದರೆ ಅದೇ ಮೈದಾನ. ಅದ್ದು ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಚನಿಯ ಗೆರೆ ಎಳೆದು ಮುಗಿಸಿರುತ್ತಿದ್ದ. ಹೀಗೆ ಆಡಿದವರು ಸಂಘದ ಕಪ್ಪನ್ನು ಎರಡು ಸಲ ಗೆದ್ದರು.

ಆಮೇಲೆ ಅಲ್ಲಿನ ಸರಕಾರ ವಾರದ ರಜೆಯನ್ನೇ ಬದಲಾಯಿಸಿತು. ಆಫೀಸಿನವರಿಗೆ ಶನಿವಾರ, ಭಾನುವಾರ ಎರಡೂ. ಇವರ ಕ್ಯಾಂಪಿಗೆ ಭಾನುವಾರ ಮಾತ್ರ. ಸಂಘ ಪಂದ್ಯಗಳನ್ನು ಶನಿವಾರಕ್ಕೆ ಹಾಕಿತು. ಪಂದ್ಯಗಳನ್ನು ಭಾನುವಾರ ಇಡಿ ಎಂದು ಒಂಬತ್ತೂ ಜನರ ಸಹಿ ಹಾಕಿಸಿದ ಪತ್ರವನ್ನು ಚನಿಯ ಜುಮೇರಾ ಲೇಕ್ ಟವರ್ಸ್‌ನ ಆಫೀಸಿಗೇ ಹೋಗಿ ಸಂಘದ ಕಾರ್ಯದರ್ಶಿ ರೋಷನ್ ಕೈಯಲ್ಲಿಟ್ಟ.

"ಭಾನುವಾರ ಫ್ಯಾಮಿಲಿ ಜೊತೆ ಇರ್ಬೇಕಲ್ಲ ಚನಿಯಣ್ಣ, ಮರುದಿನ ಆಫೀಸ್ ಬೇರೆ. ಶನಿವಾರವೇ ಸಮ ಆಗ್ತದೆ," ಎಂದಿದ್ದ ರೋಷನ್.

ಯಾರಿಗೆ ಸಮ? ಎರಡು ವರ್ಷ ಪಂದ್ಯಕ್ಕೆ ಬರಲಾಗದ ತಂಡವನ್ನು ಸಂಘ ಪಟ್ಟಿಯಿಂದಲೇ ತೆಗೆದುಹಾಕಿತು. ಈಗ ಅದೇ ರೋಷನ್ ಸಂಚಿಕೆಯ ಸಂಪಾದಕ. ಆ ಪತ್ರ ತೆಗೆದುಕೊಂಡ ಕೈಯೇ ನಿರಾಸಕ್ತಿ ಎಂದು ಬರೆದದ್ದು. ಒಂದಿಷ್ಟು ನಾಚಿಕೆ ಬೇಡವೇ?

ಅಂದಿನ ಸಭೆಯಲ್ಲಿ ಹಳೆಯ ತಂಡಕ್ಕೆ ಸನ್ಮಾನವಂತೆ. ಫೋರ್‌ಮ್ಯಾನ್ ಹತ್ತಿರ ಗೋಗರೆದು ಕೆಲಸದಿಂದ ಬೇಗ ಬಂದಿದ್ದ ಚನಿಯ. ವೇದಿಕೆಯಲ್ಲಿ ಒಂಬತ್ತು ಶಾಲು ಮಡಚಿಟ್ಟಿದ್ದರು. ರೋಷನ್ ಮೈಕಿನಲ್ಲಿ ಒಂಬತ್ತು ಹೆಸರು ಕರೆದ. ಮೇಲೆ ಹತ್ತಿದವನು ಚನಿಯ ಒಬ್ಬನೇ.

"ಸನ್ಮಾನಕ್ಕೂ ಬರೋದಿಲ್ಲ ನೋಡಿ ಇವರು," ಎಂದು ರೋಷನ್ ನಕ್ಕ. ಸಭೆಯೂ ನಕ್ಕಿತು.

ಹೆಗಲಿಗೆ ಬಂದ ಶಾಲನ್ನು ತಡೆದು ಚನಿಯ ಮೈಕ್ ಹಿಡಿದ. "ಇವತ್ತು ಶನಿವಾರ ಮಾರಾಯ್ರೆ. ಅವರಿಗೆ ಡ್ಯೂಟಿ ಉಂಟು. ಅದ್ದು ಈಗಲೂ ಕ್ರೇನ್ ಕೆಳಗೆ ನಿಂತಿರ್ಬಹುದು. ನಾಳೆ ಭಾನುವಾರ, ನಾವು ಒಂಬತ್ತೂ ಜನ ಕ್ಯಾಂಪಿನಲ್ಲೇ ಇರ್ತೇವೆ. ಶಾಲು ಅಲ್ಲಿಗೇ ತನ್ನಿ."

ನಗು ನಿಂತಿತು. "ಖಂಡಿತ ಬರ್ತೇವೆ ಚನಿಯಣ್ಣ," ಎಂದ ರೋಷನ್, ಎಲ್ಲರಿಗೂ ಕೇಳುವ ಹಾಗೆ.

ಮರುದಿನ ಒಂಬತ್ತು ಮಂದಿ ಬಣ್ಣ ಮಾಸಿದ ಜೆರ್ಸಿಗೆ ಇಸ್ತ್ರಿ ಹಾಕಿಕೊಂಡು, ನಿಂತಿದ್ದ ಬಸ್ಸುಗಳಿಗೆ ನೆಟ್ ಕಟ್ಟಿ ಕಾದರು. ಸಂಜೆಯ ಮಗ್ರಿಬ್ ಬಾಂಗ್ ಆಯಿತು. ಯಾರೂ ಬರಲಿಲ್ಲ. ರೋಷನ್ ಫೋನೂ ಎತ್ತಲಿಲ್ಲ.

"ಖಲಾಸ್. ನೆಟ್ ಬಿಚ್ಚುವ," ಎಂದ ಅದ್ದು.

"ನಿಲ್ಲು ಮಾರಾಯ."

ಚನಿಯ ಸಂಚಿಕೆ ತಂದು ಆ ಪುಟ ತೆರೆದ. 'ನಿರಾಸಕ್ತಿ'ಯನ್ನು ಕಾಗದ ಹರಿಯುವಷ್ಟು ಗೀಚಿಹಾಕಿ, ಮೇಲೆ 'ಶನಿವಾರ' ಎಂದು ಬರೆದ. ಅದರ ಕೆಳಗೆ ಒಂಬತ್ತೂ ಜನ ಸಹಿ ಹಾಕಿದರು, ಅಂದು ಪತ್ರಕ್ಕೆ ಹಾಕಿದ್ದ ಕ್ರಮದಲ್ಲೇ.