ಹೆಸರು ಹಿಡಿದು ಕರೆದ ದನಿ

ಹಿಮಬೆಟ್ಟಗಳ ನಡುವಿನ ನಮ್ಮ ಅದೀಶಿ ಕಣಿವೆಯಲ್ಲಿ ಸೊಜಾರ್‌ನ ಜೊತೆ ಬೇಟೆಗೆ ಹೋದವರು ಎರಡನೆಯ ಸಲ ಆ ಮಾತೆತ್ತಿದ್ದಿಲ್ಲ. ದಿನವಿಡೀ ಬಂಡೆಯ ಮೇಲೆ ಬೋರಲು ಮಲಗಿಸಿ, ಕೆಮ್ಮಿದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದ. ಹಾಗಾಗಿ ಪ್ರತಿ ವರ್ಷ ಹುಲ್ಲು ಕೊಯ್ಲು ಮುಗಿದು ಬೆಟ್ಟದ ಕಾಡುಮೇಕೆಗಳು ಕೊಬ್ಬಿದ ಕಾಲಕ್ಕೆ ಅವನು ಒಬ್ಬನೇ ಹೊರಡುತ್ತಿದ್ದ. ಅವು ಊರ ಮೇಕೆಗಳಲ್ಲ. ಒಂದೊಂದು ಹೋತ ಕತ್ತೆಯಷ್ಟು ತೂಗುತ್ತದೆ, ಮನುಷ್ಯ ಕೈಯೂರಲು ಹೆದರುವ ಕಡೆ ನಿಂತು ಮೆಲುಕು ಹಾಕುತ್ತದೆ.

ಆ ಮೇಕೆಗಳೆಲ್ಲ ಬೇಟೆಯ ದೇವತೆ ದಾಲಿಯ ಮಂದೆ. ಶಿಖರದಲ್ಲಿರುವ ಆ ಹೊಂಗೂದಲಿನ ಒಡತಿಗೆ ಮನಸ್ಸು ಬಂದರೆ ಒಂದನ್ನು ಕೊಡುತ್ತಾಳೆ, ಇಲ್ಲದಿದ್ದರೆ ಬೇಟೆಗಾರನನ್ನೇ ಇಟ್ಟುಕೊಳ್ಳುತ್ತಾಳೆ. ಹೊರಡುವ ಮುನ್ನ ಹೆಂಡತಿಯ ಪಕ್ಕ ಮಲಗುವಂತಿಲ್ಲ. ಎಲ್ಲಿಗೆ ಎಂದು ಯಾರೂ ಕೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡುವಂತಿಲ್ಲ. ದಾಲಿ ಪರಿಚಯದ ದನಿಯಲ್ಲೇ ಕರೆಯುತ್ತಾಳಂತೆ. ಸೊಜಾರ್‌ನ ಅಪ್ಪ ಹಾಗೆ ತಿರುಗಿ ನೋಡಿಯೇ ಬಿದ್ದದ್ದೆಂದು ಊರೆಲ್ಲ ನಂಬಿತ್ತು. ಅಪ್ಪನ ಹೆಣವನ್ನು ಹಗ್ಗ ಕಟ್ಟಿ ಇಳಿಸಿದವನು ಸೊಜಾರನೇ. ಅವನ ಮುಂದೆ ಈ ವಿಷಯದಲ್ಲಿ ತಮಾಷೆ ನಡೆಯುತ್ತಿರಲಿಲ್ಲ.

ಆ ವರ್ಷ ಅವನ ಒಬ್ಬಳೇ ಮಗಳು ಮಕ್ವಾಲಾ ಕೊಯ್ಲಿನ ಹೊತ್ತಿಗೆ ಮಳೆಯಲ್ಲಿ ನೆನೆದು ಹಾಸಿಗೆ ಹಿಡಿದಳು. ಎದೆಯಲ್ಲಿ ಗೊರಗೊರ ಸದ್ದು, ಮೈ ಕೆಂಡ. ಪಟ್ಟಣದ ದಾರಿ ಗುಡ್ಡ ಕುಸಿದು ಮುಚ್ಚಿಹೋಗಿತ್ತು. ಮದುವೆ ಗೊತ್ತಾಗಿದ್ದ ಹುಡುಗಿ, ಮನೆ ತುಂಬ ನಗುತ್ತಿದ್ದವಳು, ಹಾಲನ್ನೂ ತಳ್ಳುವ ಹಾಗಾದಳು.

"ಏನಾದ್ರೂ ತಿನ್ನೇ ನನ್ನವ್ವ," ಎಂದು ಸೊಜಾರ್ ಅಂಗಲಾಚಿದ. "ಏನು ಬೇಕು ಹೇಳು."

"ಬೆಟ್ಟದ ಮೇಕೆ ಸಾರು ಕೊಡ್ತೀಯಾ? ಆಗೋದಿಲ್ಲ ಬಿಡು, ನಿನ್ನ ಮಂಡಿ ಈಗ ಕಿರ್ ಕಿರ್ ಅಂತಾವೆ. ದಾಲಿ ಕೇಳಿಸಿಕೊಂಡು ನಗ್ತಾಳೆ."

"ನಗಲಿ. ನಗುನಗ್ತಾನೇ ಒಂದು ಹೋತ ಕೊಡ್ತಾಳೆ."

ಮಗಳು ನಕ್ಕಳು, ಕೆಮ್ಮು ಬಂತು. ಅವಳು ಕೇಳಿದ್ದು ಅದೊಂದೇ. ಸಾರು ಕುಡಿದರೆ ಎದ್ದು ಕೂರುತ್ತಾಳೆಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಬೆಳಗಿನ ಜಾವ ಬಂದೂಕು, ರೊಟ್ಟಿ, ಗಿಣ್ಣು ಕಟ್ಟಿಕೊಂಡು ಹೊರಟ. ಹೆಂಡತಿ ಸಬೇದಾ ಎಲ್ಲಿಗೆಂದು ಕೇಳಲಿಲ್ಲ. ಆದರೆ ಮಾಳಿಗೆಯ ಮೇಲೆ ನಿಂತು, ಅವನು ನೀರ್ಗಲ್ಲಿನ, ಆ ಹೆಪ್ಪುಗಟ್ಟಿದ ಹಿಮದ ಹೊಳೆಯ, ಪಕ್ಕದ ಬಂಡೆಗಳ ಕಡೆ ತಿರುಗಿದ್ದನ್ನು ನೋಡಿಕೊಂಡಳು.

ಮರುದಿನ ಮಧ್ಯಾಹ್ನ ಅವನು ಮೇಲಿನ ಚಾಚುಗಲ್ಲಿನಲ್ಲಿ ಬೋರಲಾಗಿದ್ದ. ಮಂದೆ ಕೆಳಗಿತ್ತು, ಬಂದೂಕಿಗೆ ಎಟುಕದಷ್ಟು ದೂರ. ಮಂಡಿ ಮರಗಟ್ಟಿತ್ತು. ಆಗ ಇನ್ನೂ ಕೆಳಗಿನಿಂದ, ಮಂಜಿನೊಳಗಿನಿಂದ, ದನಿ ಬಂತು.

"ಸೊಜಾರ್! ಸೊಜಾರ್!"

ಸಬೇದಾಳದೇ ದನಿ. ಏಳಲು ಹೋದವನು ಅಲ್ಲೇ ತಡೆದ. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಸಬೇದಾ ಅಂತೂ ಮದುವೆಯಾದಂದಿನಿಂದ ಒಮ್ಮೆಯೂ ಹೇಳಿದವಳಲ್ಲ, ಅವನು ಅವಳಿಗೆ 'ಮಕ್ವಾಲಾಳ ಅಪ್ಪ'. ಅಂದಮೇಲೆ ಇದು ಅವಳಲ್ಲ. ದನಿ ಕದ್ದವಳು ಹೆಸರಲ್ಲಿ ಸಿಕ್ಕಿಬಿದ್ದಳು ಎಂದುಕೊಂಡು, ಪಾಪ, ಹೆಮ್ಮೆಯನ್ನೂ ಪಟ್ಟ. ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡ. ಕೂಗಿಗೆ ಬೆದರಿದ ಮಂದೆ ಅವನತ್ತಲೇ ಏರಿ ಬಂತು. ಮುಂದಿದ್ದ ಹೋತಕ್ಕೆ ಗುಂಡು ಹಾರಿಸಿದ. ಅದು ಉರುಳಿದ ಮೇಲೂ ದನಿ ಕೂಗುತ್ತಲೇ ಇತ್ತು. ಆಮೇಲೆ ನಿಂತಿತು.

ಅಷ್ಟು ದೊಡ್ಡ ಪ್ರಾಣಿಯನ್ನು ಒಬ್ಬನೇ ಹೊರಲಾಗದು. ಈಲಿ, ಗುಂಡಿಗೆ, ಒಂದು ತೊಡೆ ಕಟ್ಟಿಕೊಂಡು ಉಳಿದದ್ದನ್ನು ಹಿಮದಲ್ಲಿ ಹೂಳುವಷ್ಟರಲ್ಲಿ ಕತ್ತಲಾಯಿತು. ರಾತ್ರಿ ಅಲ್ಲೇ ಕಳೆದು, ಬೆಳಕಾದ ಮೇಲೆ ಇಳಿದ. ಊರ ಬಾಯಲ್ಲಿ ನೆರೆಯ ಬಿಮುರ್ಜಾ ಎದುರಾದ. ಬೇಟೆಯಿಂದ ಬಂದವನು ಮೊದಲು ಸಿಕ್ಕವರಿಗೆ ಪಾಲು ಕೊಡಬೇಕು. ಬಿಮುರ್ಜಾ ಇಂಥದ್ದಕ್ಕೆ ದಾರಿ ಕಾಯುವ ಆಸೆಬುರುಕ.

"ಮೂಗಿಗೆ ವಾಸನೆ ಬಡೀತೇನೋ? ತಗೋ, ಒಳ್ಳೆ ತುಂಡೇ ಕೊಡ್ತೀನಿ," ಎಂದು ಸೊಜಾರ್ ಚಾಕು ತೆಗೆದ.

ಬಿಮುರ್ಜಾ ಕೈ ಚಾಚಲಿಲ್ಲ. ಟೊಪ್ಪಿಗೆ ತೆಗೆದ.

ಬೇಟೆಗಾರನ ಪಾಲನ್ನು ನಮ್ಮಲ್ಲಿ ಬೇಡವೆನ್ನುವುದು ಒಂದೇ ಕಾರಣಕ್ಕೆ, ಆ ಬೇಟೆಗಾರನ ಮನೆಯಲ್ಲೇ ಸಾವಾಗಿದ್ದರೆ. ಸೊಜಾರ್ ಮಾಂಸದ ಗಂಟನ್ನು ಬೀದಿಯಲ್ಲೇ ಬಿಟ್ಟು ಓಡಿದ.

ಮಗಳಿಗೆ ಮದುವೆಗೆಂದು ಹೊಲಿಸಿದ್ದ ಬಟ್ಟೆ ಉಡಿಸಿದ್ದರು. ಹೆಂಗಸರ ಗೋಳಾಟದ ನಡುವೆ ಸಬೇದಾ ಒಬ್ಬಳೇ ಸುಮ್ಮನಿದ್ದಳು. ಅವಳ ಗಂಟಲು ಒಡೆದಿತ್ತು, ಪಿಸುಗುಟ್ಟಲಷ್ಟೇ ಆಗುತ್ತಿತ್ತು.

"ಸಾರು ಬೇಡ, ಅಪ್ಪನ್ನ ಕರಿ ಅಂದ್ಲು. ನಿನ್ನೆ ನೀರ್ಗಲ್ಲಿನ ತನಕ ಬಂದೆ. ಮಕ್ವಾಲಾಳ ಅಪ್ಪಾ ಅಂತ ಮೊದಲು ಕೂಗಿದೆ. ಗಾಳಿಗೆ ಅಷ್ಟುದ್ದ ಮಾತು ಹರಿದುಹೋಗ್ತಿತ್ತು. ಅದಕ್ಕೇ ಹೆಸರು ಹಿಡಿದೆ."

ಅವನು ಮಗಳ ಪಕ್ಕ ನೆಲದ ಮೇಲೆ ಕೂತ.

"ಗುಂಡಿನ ಸದ್ದು ಕೇಳಿಸ್ತು. ಇಲ್ಲೇ ಇದ್ದಾನೆ ಅಂತ ಜೀವ ಬಂತು. ಇನ್ನೂ ಜೋರಾಗಿ ಕೂಗಿದೆ."

"ನೀನು ಅಂತ ತಿಳೀಲಿಲ್ಲ ಕಣೇ..."

"ಗೊತ್ತು. ವಾಪಸ್ ಬಂದಾಗ ಇನ್ನೂ ಉಸಿರಿತ್ತು. ಅಪ್ಪ ಬಂದ್ನಾ ಅಂದ್ಲು. ಬರ್ತಿದ್ದಾನೆ ಅಂದೆ."

ಆಮೇಲೆ ಸೊಜಾರ್ ಬಂದೂಕು ಮುಟ್ಟಲಿಲ್ಲ. ಹಿಮದಲ್ಲಿ ಹೂತದ್ದನ್ನು ತರಲು ಯಾರೂ ಹೋಗಲಿಲ್ಲ. ಗಂಡ ಹೆಂಡತಿ ಒಂದೇ ಒಲೆಯ ಮುಂದೆ ಮುದುಕರಾದರು. ಅವಳು ಅವನನ್ನು ದೂರಲಿಲ್ಲ, ಬಡಿಸುವುದನ್ನೂ ಬಿಡಲಿಲ್ಲ. ಆದರೆ 'ಮಕ್ವಾಲಾಳ ಅಪ್ಪ' ಎನ್ನುವುದನ್ನು ನಿಲ್ಲಿಸಿದಳು, ಬೇರೇನೂ ಕರೆಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬಂದು ಎದುರಿಗೆ ನಿಲ್ಲುತ್ತಿದ್ದಳು.

ಕೊನೆಗಾಲದಲ್ಲಿ, ಕಾಲು ಬಿದ್ದು ಮಲಗಿದ್ದಾಗ, ಒಂದು ಮಧ್ಯಾಹ್ನ ಅವನು ಅವಳ ಸೆರಗು ಹಿಡಿದ.

"ಸಬೇದಾ, ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರಿ. ಓ ಅಂತೀನಿ. ಅಷ್ಟೇ ಬೇಕಾಗಿರೋದು."

ಅವಳು ಅವನ ಹೊದಿಕೆ ಸರಿಮಾಡಿದಳು, ಹಣೆ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಬಾಯಿಗೆ ಬರಲ್ಲ ಕಣೋ," ಎಂದಳು. "ಇದ್ದದ್ದನ್ನೆಲ್ಲ ಅವತ್ತೇ ಕೂಗಿಬಿಟ್ಟೆ."