ಅಣ್ಣ ಕೇಳಿದ ಕಚ್ಚಾ ಹೊಲಿಗೆ

ನಾನು ಹೊಲಿದದ್ದು ಬಿಚ್ಚಿತು ಅಂತ ಯಾರಾದರೂ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಯಸ್ಸಾಯಿತು, ಕಣ್ಣು ಮಂಜಾಯಿತು, ಸೂಜಿಗೆ ದಾರ ಪೋಣಿಸಬೇಕಾದರೆ ಮೊಮ್ಮಗಳನ್ನು ಕೂಗಬೇಕು. ಆದರೂ ಆ ಉರಿ ಹೋಗಿಲ್ಲ. ಹುಟ್ಟುಗುಣ, ಏನು ಮಾಡಲಿ! ಆ ಗುಣದಿಂದ ಏನಾಯಿತು ಅನ್ನುವುದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ಹೊಳೆಯ ದಂಡೆಗೆ ಇದೆ. ನಾನು ಊರಿನ ದರ್ಜಿ. ಊರು ಹೊಗುವ ಅಗಸಿ ಬಾಗಿಲಿನ ಪಕ್ಕದಲ್ಲಿ ಒಂದು ಮಷಿನ್ ಇಟ್ಟುಕೊಂಡು ಅಂಗಿ, ಪೈಜಾಮ, ಹೆಂಗಸರ ಕುಬಸ ಹೊಲಿಯುತ್ತಿದ್ದೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಮದುವೆಗೆ ಮೊದಲು ಎರಡು ವರ್ಷ ಮುಂಬಯಿ ಬಂದರಿನಲ್ಲಿ ಮೂಟೆ ಹೊತ್ತು ಬಂದಿದ್ದ. ಬಂದ ಮೇಲೆ ಯಾವ ಮಾತಿಗೂ "ನಮ್ಮ ಬಂಬೈದಾಗ" ಅಂತಲೇ ಶುರು ಮಾಡುತ್ತಿದ್ದ. ಹೊಲ ನೋಡಿಕೊಂಡು, ಹೊಲದಲ್ಲೇ ಕಬ್ಬಿನ ಗಾಣ ನಡೆಸುತ್ತಿದ್ದ.

ಎಂಬತ್ತರ ದಶಕದ ನಡುವಿನ ಮಾತು. ಒಂದು ದಿನ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಅವನ ಅಂಗಿಯ ಎಡತೋಳು ಕಬ್ಬಿನ ಜೊತೆ ಒಳಗೆ ಹೋಯಿತು. ಎತ್ತು ನಿಲ್ಲಿಸುವುದರೊಳಗೆ ಕೈಯೂ ಹೋಗಿತ್ತು. ಕಲಬುರ್ಗಿಯ ದವಾಖಾನೆಯಲ್ಲಿ ಮೊಣಕೈ ಮೇಲಿನಿಂದ ತೆಗೆದರು. ಆ ಅಂಗಿಯನ್ನು ಹೊಲಿದವನು ನಾನೇ. ತೋಳಿಗೆ ನಾನು ಯಾವಾಗಲೂ ಎರಡು ಸಾಲು ಹೊಲಿಗೆ ಹಾಕುತ್ತಿದ್ದೆ, ನನ್ನ ಅಂಗಿ ಹರಿದರೂ ತೋಳು ಬಿಚ್ಚುವುದಿಲ್ಲ ಅಂತ ಊರಲ್ಲಿ ಹೆಸರಿತ್ತು. ಅವತ್ತೂ ಅದು ಬಿಚ್ಚಲಿಲ್ಲ. ಅಣ್ಣ ಆಗ ನನ್ನನ್ನು ದೂರಲಿಲ್ಲ.

ಗಾಣ ಬಂದಾಯಿತು. ಅಷ್ಟೊತ್ತಿಗೆ ಸುತ್ತಿನ ಕಬ್ಬೂ ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೊರಟಿತ್ತು. ಬೆಲ್ಲ ಕಾಸುವ ಎರಡು ದೊಡ್ಡ ಕಬ್ಬಿಣದ ಕೊಪ್ಪರಿಗೆಗಳು ಅಂಗಳದಲ್ಲಿ ಬೋರಲು ಬಿದ್ದವು. ಅಣ್ಣ ಒಂದು ವರ್ಷ ಕಟ್ಟೆ ಬಿಟ್ಟು ಏಳಲಿಲ್ಲ. ಧೋತರ ಉಡಿಸುವುದಕ್ಕೂ ಅವನ ಹೆಂಡತಿ, ನಮ್ಮ ವೈನಿ ಬೇಕು. ಉಡಿಸುವಾಗ ಆತ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅದನ್ನು ನೋಡಲಾರದೆ ನಾನು ಬೆಳಗ್ಗೆ ಬೇಗ ಅಂಗಡಿಗೆ ಹೋಗಿಬಿಡುತ್ತಿದ್ದೆ. ಹೀಗೇ ಬಿಟ್ಟರೆ ಈತ ಉಳಿಯುವುದಿಲ್ಲ ಅಂತ ವೈನಿ ಒಂದು ದಿನ ನನ್ನ ಮುಂದೆ ಅತ್ತಳು.

ಆ ಮಳೆಗಾಲದಲ್ಲಿ ನಮ್ಮೂರ ಅಂಬಿಗ ಊರು ಬಿಟ್ಟು ಮಗನ ಮನೆಗೆ ಹೋದ, ಅವನ ಹರಿಗೋಲೂ ಕೊಳೆತಿತ್ತು. ಹೊಳೆ ತುಂಬಿದರೆ ಆಚೆ ದಂಡೆಗೆ ಹೋಗಲು ದಾರಿಯೇ ಇಲ್ಲ. ಆಗ ಅಣ್ಣ ಕಟ್ಟೆಯಿಂದ ಎದ್ದ. ಎರಡೂ ಕೊಪ್ಪರಿಗೆಗಳನ್ನು ಹೊಳೆಗೆ ಸಾಗಿಸಿ, ನಡುವೆ ಒಂದು ಮಾರು ಜಾಗ ಬಿಟ್ಟು, ಜಾಲಿ ಮರದ ತೊಲೆಗಳಿಂದ ಜೋಡಿಸಿದ. ಮೇಲೆ ಹಲಗೆ ಹಾಸಿದ. ಎರಡರ ನಡುವೆ ಒಂದು ಹಲಗೆಯನ್ನು ನೀರಿನೊಳಕ್ಕೆ ನೆಟ್ಟಗೆ ಇಳಿಬಿಟ್ಟ, ಅದಿದ್ದರೆ ಅಡ್ಡಗಾಳಿಗೆ ಕೊಚ್ಚಿಕೊಂಡು ಹೋಗುವುದಿಲ್ಲವಂತೆ. ಹಿಂದೆ ದಿಕ್ಕು ತಿರುಗಿಸಲು ಒಂದು ಉದ್ದನೆಯ ಹುಟ್ಟು. ಒಂದೇ ಕೊಪ್ಪರಿಗೆಯಲ್ಲಿ ಹೊಳೆ ದಾಟಿದವರನ್ನು ನಾವು ಕಂಡಿದ್ದೆವು, ಜೋಡಿಯನ್ನು ಯಾರೂ ಕಂಡಿರಲಿಲ್ಲ. ದಂಡೆಯ ಮೇಲೆ ಊರೇ ನೆರೆಯಿತು.

"ಬೆಲ್ಲ ಹಾಕಿಕೊಂಡು ಬಂಬೈಗೆ ಹೊಂಟೀದೇನೋ?" ಅಂತ ಕಿರಾಣಿ ಅಂಗಡಿಯವ ಕೇಳಿದ.

"ನಿನ್ನೂ ಕುಂಡರಿಸಿಕೊಂಡು ಹೋಗ್ತೇನಿ, ಬಾ," ಅಂದ ಅಣ್ಣ. ಒಂದು ವರ್ಷದ ಮೇಲೆ ಅವನ ಬಾಯಲ್ಲಿ ತಮಾಷೆ ಬಂದದ್ದು ಅವತ್ತು.

ಒಂದೇ ಕೈಯಿಂದ ಹುಟ್ಟು ಹಾಕಿ ಹೊಳೆ ದಾಟಲಾಗುವುದಿಲ್ಲ. ಗಾಳಿಯಿಂದಲೇ ನಡೆಸಬೇಕು ಅಂತ ಅವನ ಹಟ. ಹಾಯಿ ಅನ್ನುವ ಶಬ್ದ ನಮ್ಮೂರವರ ಬಾಯಲ್ಲಿ ಇರಲಿಲ್ಲ, ಎಲ್ಲರೂ ಪಡದಾ ಅಂದರು. ಮೊದಲನೆಯ ಪಡದಾ ಗೋಣಿಚೀಲ ಬಿಚ್ಚಿ ಹೊಲಿದ ಚೌಕದ್ದು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ, ಹೊಳೆ ಹರಿಯುವುದೂ ಮೂಡಣಕ್ಕೇ. ಚೌಕದ ಪಡದಾ ಬೆನ್ನಿಗೆ ಬಂದ ಗಾಳಿಗೆ ಮಾತ್ರ ಓಡುತ್ತದೆ. ಅಡ್ಡ ದಾಟಬೇಕಾದವನನ್ನು ಅದು ಹೊಳೆಗುಂಟ ಕೆಳಗೆ ಒಯ್ದಿತು, ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ತರಬೇಕಾಯಿತು. ಎರಡನೆಯದು ಮುಂಬಯಿ ದೋಣಿಗಳಂಥದ್ದು, ಓರೆಯಾಗಿ ಕಟ್ಟಿದ ಉದ್ದನೆಯ ಗಳಕ್ಕೆ ಮೂರು ಮೂಲೆಯ ಬಟ್ಟೆ. ಅಡ್ಡಗಾಳಿಗೆ ಚೆನ್ನಾಗಿಯೇ ನಡೆಯಿತು. ಆದರೆ ಮರಳುವಾಗ ಆ ಗಳವನ್ನು ಕಂಬದ ಇನ್ನೊಂದು ಮಗ್ಗುಲಿಗೆ ತಿರುಗಿಸಲು ಎರಡು ಆಳು ಬೇಕು. ನಾನು ಬರುತ್ತೇನೆ ಅಂದೆ. "ನೀ ನಿನ್ನ ಮಷಿನ್ ನೋಡ್ಕೋ. ನಾ ಒಬ್ಬನೇ ಹೋಗಬೇಕು, ಒಬ್ಬನೇ ಬರಬೇಕು," ಅಂದ. ಯಾಕೆ ಅಂತ ಕೇಳುವ ಅಗತ್ಯ ಇರಲಿಲ್ಲ.

ಮೂರನೆಯದನ್ನು ಅವನು ನನ್ನ ಅಂಗಡಿಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ. ಗಿಡ್ಡ ಕಂಬ. ಕೆಳಗೆ ಆಚೀಚೆ ತಾನೇ ತಿರುಗುವ ಒಂದು ಬಿದಿರು. ನಡುವೆ ಮೂರು ಮೂಲೆಯ ಪಡದಾ. ಅದಕ್ಕೆ ಒಂದೇ ಹಗ್ಗ. ಬಟ್ಟೆಗೆ ಆಳಂದದ ತೊಗರಿ ವ್ಯಾಪಾರಿಯೊಬ್ಬನಿಂದ ಲಾರಿಗೆ ಹೊದಿಸುವ ಹಳೆಯ ತಾಡಪಲ್ ತಂದಿದ್ದ. ಒಂದೇ ತುಂಡಿನಲ್ಲಿ ಕತ್ತರಿಸೋಣ, ಗಟ್ಟಿ ಇರುತ್ತದೆ ಅಂದೆ ನಾನು.

"ಬ್ಯಾಡ. ಎರಡು ಹೋಳು ಮಾಡು. ನಡಕ ಮ್ಯಾಲಿಂದ ಕೆಳಗಿನ ತನಕ ಜೋಡು ಬರಬೇಕು. ಆ ಜೋಡಿಗೆ ಕಚ್ಚಾ ಹೊಲಿಗಿ ಹಾಕು."

ಕಚ್ಚಾ ಹೊಲಿಗೆ ಅಂದರೆ ಅಳತೆ ನೋಡಲು ನಾವು ಹಾಕುವ ದೊಡ್ಡ ದೊಡ್ಡ ಟಾಕಿಗಳು. ಎಳೆದರೆ ಬರುತ್ತವೆ.

"ಕಚ್ಚಾ ಹಾಕಿದ್ರ ಗಾಳಿ ಬಡಿದಾಗ ಬಿಚ್ಚತದಲ್ಲೋ ಯಣ್ಣಾ."

"ಬಿಚ್ಚಲಿ ಅಂತನೇ ಹೇಳಾಕತ್ತೇನಿ, ಹುಚ್ಚಾ!" ಅಂದು ನೆಲದ ಮೇಲೆ ಕೂತು ತೋರಿಸಿದ. "ಈ ಕೈ ಹುಟ್ಟಿನ ಮ್ಯಾಲ. ಹಗ್ಗ ಗೂಟಕ್ಕ ಕಟ್ಟಿರ್ತೇನಿ. ಜೋರು ಗಾಳಿ ಬಂತಂದ್ರ ಎರಡು ಕೈ ಇದ್ದಾವ ಹಗ್ಗ ಬಿಡ್ತಾನ, ಗಾಳಿ ಹಾರಿ ಹೋಗ್ತದ. ನಾ ಏನು ಮಾಡ್ಲಿ? ಹುಟ್ಟು ಬಿಟ್ರ ಕೊಪ್ಪರಿಗಿ ತಿರಗತದ. ನೆಂದ ಹಗ್ಗ ಒಂದ ಕೈಲೆ ಬಿಚ್ಚಂಗಿಲ್ಲ. ಅದಕ್ಕ ಆ ಹೊಲಿಗಿ ತಾನೇ ಬಿಚ್ಚಬೇಕು. ಅದೇ ನನ್ನ ಇನ್ನೊಂದು ಕೈ ಅಂತ ತಿಳಿ."

ಆಮೇಲೆ ನಗುತ್ತಾ ಅಂದ, "ಅಂಗಿ ತೋಳಿಗೆ ಹಾಕಿದಂಥಾ ಹೊಲಿಗಿ ಹಾಕಬ್ಯಾಡ ಮತ್ತ."

ನನಗೆ ನಗು ಬರಲಿಲ್ಲ. ಅವನು ಹೇಳಿದ ಹಾಗೇ ಹಾಕಿದೆ.

ಪಡದಾ ಗೆದ್ದಿತು. ಅಣ್ಣ ಹುಟ್ಟನ್ನು ಬಗಲಲ್ಲಿ ಅವುಚಿಕೊಂಡು ನೆಟ್ಟಗೆ ಆಚೆ ದಂಡೆಗೆ ಹೋದ, ನೆಟ್ಟಗೆ ಬಂದ. ಸಾಲೆ ಮಾಸ್ತರರು, ಮೇವಿನ ಹೊರೆಯವರು, ಬಾಣಂತನಕ್ಕೆ ಹೋಗುವ ಸೂಲಗಿತ್ತಿ, ಎಲ್ಲರೂ ಅವನನ್ನು ಕೂಗಿ ಕರೆಯತೊಡಗಿದರು. ಒಂದೇ ಕೈ ಮತ್ತು ಹಲ್ಲಿನಿಂದ ಧೋತರ ಉಟ್ಟುಕೊಳ್ಳುವುದನ್ನೂ ಕಲಿತ. ವೈನಿಯ ಮುಖ ನೋಡಬೇಕಿತ್ತು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಸುಖ ಇತ್ತು ಅಂತ ಧೈರ್ಯವಾಗಿ ಹೇಳುತ್ತೇನೆ.

ಆದರೆ ಹೊಲಿಗೆ ಬಿಚ್ಚುತ್ತಿತ್ತು. ಗಾಳಿ ಜೋರಾದರೆ ನಡುಹೊಳೆಯಲ್ಲಿ ಟರ್ರ್ ಅಂತ ಪಡದಾ ಎರಡು ಹೋಳು. ಕೊಪ್ಪರಿಗೆ ನಿಧಾನವಾಗಿ ತೇಲುತ್ತಾ ಹೋಗಿ ಕೆಳಗಿನ ದಂಡೆಗೆ ತಾಗುತ್ತಿತ್ತು, ಅಣ್ಣ ಪಡದಾ ಹೆಗಲಿಗೆ ಹಾಕಿಕೊಂಡು ಹಾಡುತ್ತಾ ನನ್ನ ಅಂಗಡಿಗೆ ಬರುತ್ತಿದ್ದ. ಅವನಿಗೆ ಅದು ಸಂತೋಷ. ನನಗೆ ದಂಡೆಯ ಮೇಲಿನವರ ನಗು. "ದರ್ಜಿ ಹೊಲಿಗಿ ನೋಡ್ರಿ!" ಅಂತ ಒಬ್ಬ. "ಮಾವಾ, ನನ್ನ ಪೈಜಾಮದ ಗತಿ ಏನೋ? ಸಂತ್ಯಾಗ ಬಿಚ್ಚೀತು!" ಅಂತ ಕಿರಾಣಿಯವ. ಬಿಚ್ಚಲಿ ಅಂತಲೇ ಹಾಕಿದ್ದು ಅಂದರೆ ಇನ್ನೂ ಜೋರಾಗಿ ನಗುತ್ತಿದ್ದರು. ಓಣಿಯ ಹೆಣ್ಣುಮಗಳೊಬ್ಬಳು ಮಗಳ ಮದುವೆಯ ಕುಬಸಗಳನ್ನು ನನಗೆ ಕೊಡದೆ ಅಫಜಲಪುರಕ್ಕೆ ಒಯ್ದಳು. ಕೇಳಿದರೆ, "ಹೊಳ್ಯಾಗ ಬಿಚ್ಚೋ ಹೊಲಿಗಿ ನಮಗ ಬ್ಯಾಡ್ರಿ," ಅಂದಳು. ಮೂರು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಕುಬಸಕ್ಕೆ!

ಮೂರನೆಯ ಸಲ ಬಿಚ್ಚಿದಾಗ ಅಣ್ಣ ಪಡದಾ ತಂದು ನನ್ನ ಮುಂದೆ ಎಸೆದು, "ಜಲ್ದಿ ಹಾಕಿಡು, ಚಾ ಕುಡುದು ಬರ್ತೇನಿ," ಅಂದು ಮನೆಗೆ ಹೋದ. ಕಿರಾಣಿಯವ ನನ್ನ ಬೆಂಚಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ನನ್ನ ತಲೆ ಕೆಟ್ಟಿತು. ದಪ್ಪ ದಾರ ತೆಗೆದು ಜೋಡನ್ನು ಮಡಿಚಿ ಮಷಿನ್ನಿನಲ್ಲಿ ಎರಡು ಸಾಲು ಓಡಿಸಿದೆ. ಅಷ್ಟಕ್ಕೂ ಸಮಾಧಾನ ಆಗದೆ ಹುರಿಗೆ ಮೇಣ ಸವರಿ ದಬ್ಬಣದಿಂದ ಇನ್ನೊಂದು ಸಾಲು ಹಾಕಿದೆ. ಈಗ ಬಿಚ್ಚಲಿ ನೋಡೋಣ ಅಂತ ಬಾಯಿಬಿಟ್ಟು ಅಂದೆ.

ಅಣ್ಣ ಬಂದ. "ಕಚ್ಚಾನೇ ಹಾಕೀದಿ, ಹೌದಿಲ್ಲೋ?"

"ಹೂಂ," ಅಂದೆ.

ಅವನು ಪಡದಾ ಸುತ್ತಿ ಹೆಗಲಿಗೆ ಹಾಕಿಕೊಂಡ. ಬಿಚ್ಚಿ ನೋಡಲಿಲ್ಲ. ನನ್ನ ಕೆಲಸವನ್ನು ಅವನು ಯಾವತ್ತೂ ತಿರುಗಿಸಿ ನೋಡಿದವನಲ್ಲ. ಸಂಜೆ ಊಟಕ್ಕೆ ಕೂತಾಗ ಹೇಳಿಬಿಡೋಣ ಅಂದುಕೊಂಡೆ. ಸಂಜೆ ಅವನು ಖುಷಿಯಲ್ಲಿದ್ದ, ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಐದು ದಿನ ಪಡದಾ ಬಿಚ್ಚಲಿಲ್ಲ, ದಂಡೆಯ ಮೇಲೆ ನಗು ನಿಂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. "ಗಾಳಿ ಇನ್ನೂ ಬರೋಬ್ಬರಿ ಬಂದಿಲ್ಲ ನೋಡು," ಅಂತ ಅಣ್ಣ ಅಂದ.

ಆರನೆಯ ದಿನ ಬಂತು. ಪಂಚಮಿ ಹಬ್ಬಕ್ಕೆ ತವರಿಗೆ ಬರುವ ಇಬ್ಬರು ಹೆಣ್ಣುಮಕ್ಕಳು ಆಚೆ ದಂಡೆಯಲ್ಲಿ ನಿಂತು ಕೈ ಬೀಸುತ್ತಿದ್ದರು. ಅಣ್ಣ ಅವರನ್ನು ಕರೆತರಲು ಒಬ್ಬನೇ ಹೊರಟ. ಮಧ್ಯಾಹ್ನ ಇಳಿಹೊತ್ತು. ನಡುಹೊಳೆಗೆ ಹೋಗುವುದರೊಳಗೆ ಪಡುವಣದಲ್ಲಿ ಕಪ್ಪಾಯಿತು, ಗಾಳಿ ಒಮ್ಮೆಲೇ ಎದ್ದಿತು. ಅಂಗಡಿಯ ಬಾಗಿಲು ಬಡಿದ ಸದ್ದಿಗೆ ನಾನು ದಂಡೆಗೆ ಓಡಿದೆ.

"ಈಗ ಬಿಚ್ಚತದ ನೋಡ್ರಿ!" ಅಂತ ದಂಡೆಯ ಮೇಲಿನವರು ನಗುತ್ತಿದ್ದರು. ಪಡದಾ ಬಿಗಿದು ಉಬ್ಬಿತ್ತು. ಗಾಳಿ ಒತ್ತಿದ ಮಗ್ಗುಲಿನ ಕೊಪ್ಪರಿಗೆ ಅಂಚಿನವರೆಗೆ ನೀರಿಗೆ ಇಳಿದಿತ್ತು.

"ಹಗ್ಗ ಬಿಡೋ ಯಣ್ಣಾ! ಹಗ್ಗ ಕೊಯ್ಯೋ!" ಅಂತ ನಾನು ಕೂಗಿದೆ. ನೀರೊಳಗೆ ಎದೆಮಟ ಇಳಿದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಹಗ್ಗದ ಕಡೆ ಅವನು ನೋಡಲೇ ಇಲ್ಲ. ಹುಟ್ಟನ್ನು ಬಗಲಲ್ಲಿ ಅವುಚಿ, ತಲೆ ಎತ್ತಿ, ಪಡದಾದ ನಡುವಿನ ಜೋಡನ್ನೇ ನೋಡುತ್ತಾ ಕೂತಿದ್ದ. ಅದು ಬಿಚ್ಚುವುದನ್ನು ಕಾಯುತ್ತಿದ್ದ. ಕೊಪ್ಪರಿಗೆಯ ಅಂಚು ನೀರಿನ ಕೆಳಗೆ ಹೋಗುವವರೆಗೂ ಕಾದ. ಆ ಕೊಪ್ಪರಿಗೆ ನೀರು ತುಂಬಿಕೊಂಡು ಮುಳುಗಿತು, ಇನ್ನೊಂದು ಮೇಲೆದ್ದು ಅವನ ಮೇಲೆ ಮಗುಚಿತು.

ಮೂರನೆಯ ದಿನ ಜೇವರ್ಗಿಯ ಕಡೆ ಹೊಳೆಯ ದಂಡೆಯಲ್ಲಿ ಸಿಕ್ಕ. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಗಾಣ ಇದ್ದ ಜಾಗದಿಂದ ಹತ್ತು ಹೆಜ್ಜೆ ಆಗಬಹುದು. ಕಂಬ ಮತ್ತು ಪಡದಾ ಕೆಳಗೆಲ್ಲೋ ಜಾಲಿ ಕಂಟಿಯಲ್ಲಿ ಸಿಕ್ಕಿಕೊಂಡಿದ್ದವು, ಹೊತ್ತು ತಂದರು. ಕಿರಾಣಿಯವ ಪಡದಾ ಹಿಡಿದು ನೋಡಿ, ಎಲ್ಲರೆದುರಿಗೆ, ನನಗೆ ಸಮಾಧಾನ ಹೇಳುವಂತೆ ಅಂದ: "ಎಂಥಾ ಮಜಬೂತ ಹೊಲಿಗಿರೀ! ಇಷ್ಟು ಹೊಳಿ ಬಡದ್ರೂ ಒಂದು ಟಾಕಿ ಬಿಟ್ಟಿಲ್ಲ." ಅವನ ಬಾಯಿಗೆ ಹೊಡೆಯಬೇಕು ಅನಿಸಿತು.

ತಿಂಗಳ ಮೇಲೆ ವೈನಿ ಅಂಗಡಿಗೆ ಬಂದಳು. ಪಡದಾವನ್ನು ಒಗೆದು ಮಡಿಚಿ ತಂದಿದ್ದಳು. "ಇದನ್ನ ಬಿಚ್ಚಿ ಎರಡು ಮಾಡಿಕೊಡು ತಮ್ಮಾ. ಒಂದು ತೊಗರಿ ಒಣಗಿಸಾಕ, ಒಂದು ಕಣಕಿ ಬಣವಿ ಮ್ಯಾಲ ಹೊಚ್ಚಾಕ," ಅಂದಳು. ಇಟ್ಟು ಹೋಗಿರಿ ವೈನಿ, ಆಮೇಲೆ ತಂದುಕೊಡುತ್ತೇನೆ ಅಂದೆ. ಇಲ್ಲ, ಕೂತಿರುತ್ತೇನೆ ಅಂದು ಬೆಂಚಿನ ಮೇಲೆ ಕೂತಳು.

ಬ್ಲೇಡು ಹಿಡಿದು ಬಿಚ್ಚತೊಡಗಿದೆ. ನೀರು ಕುಡಿದ ಹುರಿ ಬಟ್ಟೆಯೊಳಗೆ ಕೂತುಬಿಟ್ಟಿತ್ತು. ಒಂದೊಂದೇ ಟಾಕಿ ಕೊಯ್ದು, ಚಿಮಟಿಗೆಯಿಂದ ಹಿಡಿದು ಎಳೆಯಬೇಕು. ಒಂದು ಬ್ಲೇಡು ಮುರಿಯಿತು, ಇನ್ನೊಂದು ತೆಗೆದೆ. ಹುರಿಯ ಸಾಲು ಮುಗಿದರೆ ಕೆಳಗೆ ಮಷಿನ್ನಿನ ಎರಡು ಸಾಲು. ಬೆರಳು ಕೊಯ್ದು ರಕ್ತ ಬಂತು. ವೈನಿ ನನ್ನ ಕೈಯನ್ನೇ ನೋಡುತ್ತಿದ್ದಳು. ಬಿಸಿಲು ಹೊಸ್ತಿಲಿನಿಂದ ಮಷಿನ್ನಿನ ಕಾಲಿನವರೆಗೆ ಬಂತು. ಅರ್ಧವೂ ಮುಗಿದಿರಲಿಲ್ಲ.

"ತಮ್ಮಾ," ಅಂದಳು ವೈನಿ, ಮೆಲ್ಲಗೆ. "ಕಚ್ಚಾ ಹೊಲಿಗಿ ಬಿಚ್ಚಾಕ ಇಷ್ಟು ಹೊತ್ತು ಬೇಕೇನು?"

ನಾನು ಮುಂದಿನ ಟಾಕಿಗೆ ಬ್ಲೇಡು ಹಾಕಿದೆ. ವೈನಿ ಪೂರಾ ಬಿಚ್ಚುವವರೆಗೂ ಕೂತಿದ್ದು, ಎರಡು ಹೋಳನ್ನೂ ಮಡಿಚಿಕೊಂಡು, ಬಿದ್ದ ದಾರದ ಚೂರುಗಳನ್ನು ಸೆರಗಿನಲ್ಲಿ ಆಯ್ದುಕೊಂಡು ಹೋದಳು. ಆಮೇಲೆ ಹದಿನಾಲ್ಕು ವರ್ಷ ಒಂದೇ ಅಂಗಳದಲ್ಲಿ ಬದುಕಿದೆವು. ನನಗೆ ಬಿಸಿ ರೊಟ್ಟಿ ಬಡಿಸಿದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದಳು, ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ. ತನ್ನ ಕುಬಸಗಳನ್ನು ಮಾತ್ರ ಅವತ್ತಿನಿಂದ ತಾನೇ ಕೈಯಲ್ಲಿ ಹೊಲಿದುಕೊಂಡಳು.