ಕಿವಿಗೆ ಕಾವಲು ಕೂತವನು

ನಾನು ಲಿಫ್ಟ್ ರಿಪೇರಿಯವನು. ಎಷ್ಟೋ ಜನರನ್ನು ಮೇಲೇರಿಸಿದ್ದೇನೆ, ನಾನು ಮಾತ್ರ ಇದ್ದಲ್ಲೇ ಇದ್ದೇನೆ. ಆ ಮಾತು ಬಿಡಿ, ಈಗ ಹೇಳಹೊರಟಿದ್ದು ನನ್ನ ಕಿವಿಯ ಕಥೆ.

ನನ್ನ ಅಮ್ಮನಿಗೆ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದ ಕಡೆಯಿಂದ ಅವಳಿಗೆ ಮಾತು ಕೇಳಿಸುತ್ತದೆ. ಅವಳ ತಮ್ಮ, ಅಂದರೆ ನನ್ನ ಸೋದರಮಾವನಿಗೂ ಅದೇ ಕಾಯಿಲೆ. ಮುಂದಿನ ಪಾಳಿ ನನ್ನದೇ ಎಂದು ಮೀಸೆ ಚಿಗುರುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಅಂದಿನಿಂದ ನನ್ನ ಕಿವಿಗೆ ನಾನೇ ಕಾವಲು. ಕುಕ್ಕರ್ ಕೂಗಿದರೂ ಹೆಂಡತಿಯನ್ನು ಕೇಳುತ್ತಿದ್ದೆ, "ನಿನಗೂ ಕೇಳಿಸ್ತಾ?"

ಅವಳಿಗೆ ಮಗು ಬೇಕಿತ್ತು. "ನಮ್ಮ ಮನೆ ಕಾಯಿಲೆ ಅದರ ತಲೆಗೆ ಕಟ್ಟೋದು ಬೇಡ ಕಣೇ," ಎಂದು ವರ್ಷ ವರ್ಷವೂ ಜಾರಿಕೊಳ್ಳುತ್ತಿದ್ದೆ.

ನಮ್ಮ ಕೆಲಸದಲ್ಲಿ ಒಬ್ಬ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೂಗಬೇಕು. ಮೇಲೆ ಯಂತ್ರದ ಕೋಣೆಯಲ್ಲಿರುವವನು ಆ ಮಾತನ್ನೇ ತಿರುಗಿ ಹೇಳಿ ಸ್ವಿಚ್ ಒತ್ತಬೇಕು. ಒಂದು ದಿನ ಜೊತೆಗಾರ ದಡಿಯ ಚಹಾ ಕುಡಿಯಲು ಹೋಗಿದ್ದಾನೆಂದುಕೊಂಡು ನಾನು ಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ಹಗ್ಗ ಇಳಿಯುವ ಸಂದಿನಿಂದ ಯಾರದೆಂದು ಗುರುತು ಸಿಗದ ದನಿಯೊಂದು ತೇಲಿಬಂತು. "ಇಳಿಸೋ."

ಬಂತಪ್ಪಾ, ಮನೆತನದ ಆಸ್ತಿ ಕೊನೆಗೂ ಕೈ ಸೇರಿತು. ಉತ್ತರ ಕೊಟ್ಟರೆ ಸಲಿಗೆ ಬೆಳೆಸಿಕೊಂಡೀತೆಂದು ತುಟಿ ಹೊಲಿದುಕೊಂಡು ಕೂತೆ. ದನಿ ಬರಬರುತ್ತಾ ನನ್ನನ್ನೂ ನನ್ನಪ್ಪನನ್ನೂ ಹೆಸರು ಹಿಡಿದು ಬೈಯತೊಡಗಿತು. ಇಷ್ಟೆಲ್ಲ ಗೊತ್ತಿದೆ, ಹಾಗಾದರೆ ಇದು ನನ್ನ ತಲೆಯೊಳಗಿನದೇ ಎಂದು ಖಾತ್ರಿಯಾಯಿತು.

ಕೊನೆಗೆ ಕಟ್ಟಡದ ಕಾವಲುಗಾರ ಓಡಿಬಂದ. "ದಡಿಯಣ್ಣ ಆಗ್ಲಿಂದ ಲಿಫ್ಟಿನ ಮೇಲೆ ನಿಂತು ಬಡ್ಕೊಳ್ತಿದ್ದಾನೆ. ನಿಮಗೇನು ಕಿವುಡಾ?"

ಕೆಳಗಿಳಿದ ದಡಿಯನಿಗೆ ಕಾರಣ ಹೇಳಿದೆ. ಅವನು ನಗಲೂ ಇಲ್ಲ. "ಯಾರು ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲೋ," ಎಂದು ನೇರ ಹೋಗಿ ನನ್ನ ಹೆಂಡತಿಗೆ ಊದಿದ. ಅವಳು ನನ್ನನ್ನು ಅಮ್ಮನ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಅಮ್ಮನೂ ಜೊತೆಗೆ ಬಂದಳು.

"ವಯಸ್ಸೆಷ್ಟು?"

"ಮೂವತ್ತೆಂಟು."

"ಗಂಡಸರಿಗೆ ಹೆಚ್ಚಾಗಿ ಇಪ್ಪತ್ತರ ಆಚೀಚೆ ಶುರುವಾಗೋದು. ತಡ ಮಾಡಿಬಿಟ್ರಿ," ಎಂದರು ಡಾಕ್ಟರಮ್ಮ. "ತಾಯಿಗೆ ಇದ್ರೆ ನೂರು ಮಕ್ಕಳಲ್ಲಿ ಹತ್ತಕ್ಕೆ ಬಂದೀತು. ನಿಮ್ಮಲ್ಲಿ ಮಾವನಿಗೂ ಇದೆ, ಒಂಚೂರು ಹೆಚ್ಚು ಅನ್ನಿ. ಮೊಮ್ಮಕ್ಕಳಿಗೆ ಇನ್ನೂ ಕಡಿಮೆ. ಬರೋದು ಆಸ್ತಿಯಲ್ಲ, ಸಾಧ್ಯತೆ."

ಅಮ್ಮ ನನ್ನತ್ತ ತಿರುಗಿದಳು. "ನನ್ನ ದನಿಗಳು ನನ್ನವು ಕಣೋ. ನಿನಗೆ ಯಾಕೆ ಇಷ್ಟು ಆಸೆ?"

"ಆದ್ರೂ ಮಗುವಿಗೆ ಬಂದ್ರೆ?" ಎಂದೆ ಮೆಲ್ಲಗೆ.

ಹೆಂಡತಿ ಹೇಳಿದಳು, "ಬಂದ್ರೆ ನೋಡ್ಕೊಳ್ಳೋಣ. ಅತ್ತೆ ಆ ಕಾಯಿಲೆ ಇಟ್ಕೊಂಡೇ ನಿಮ್ಮನ್ನು ಸಾಕಲಿಲ್ವಾ? ಕಾಯಿಲೆನಾ, ನೀವಾ, ಎರಡರಲ್ಲಿ ಯಾವುದು ಕಷ್ಟ ಆಯ್ತು, ಅವರನ್ನೇ ಕೇಳಿ."

ಅಮ್ಮ ಯೋಚಿಸಲೂ ಇಲ್ಲ, ನನ್ನ ಕಡೆ ಬೆರಳು ತೋರಿಸಿದಳು.

ಮನೆ ಮುಟ್ಟುವಷ್ಟರಲ್ಲಿ ಅತ್ತೆ ಸೊಸೆ ತೊಟ್ಟಿಲು ಎಲ್ಲಿಡಬೇಕೆಂದು ಜಗಳಕ್ಕೆ ನಿಂತಿದ್ದರು. ಈ ಸಲ ನಾನು ಬೇಡವೆನ್ನಲಿಲ್ಲ.